ಓದುಗರ ಪ್ರಶ್ನೆ: ವಿಕಿಪೀಡಿಯಕ್ಕೆ ಗ್ರಂಥಾಲಯದ ಆಧಾರ

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಅರಿವು ಕೇಂದ್ರದ (ಊರಿನ ಗ್ರಂಥಾಲಯದ) ಮೇಲ್ವಿಚಾರಕಿ. ಕನ್ನಡ ವಿಕಿಪೀಡಿಯದಲ್ಲಿ ನಮ್ಮ ಸೀಮೆಯ ಬಗ್ಗೆ ಇರುವ ಬರಹಗಳಿಗೆ ಆಧಾರವೇ ಇಲ್ಲ. ನನಗೆ ಲೇಖನ ಬರೆದು ಅಭ್ಯಾಸವಿಲ್ಲ. ನನ್ನಿಂದ ಏನಾದರೂ ಆದೀತೇ? (ಸಾಗರ ತಾಲ್ಲೂಕು)

ಉತ್ತರ: ಖಂಡಿತ ಆಗುತ್ತದೆ, ಲೇಖನ ಬರೆಯಬೇಕಾಗಿಯೂ ಇಲ್ಲ. ಬರೆಯುವವರು ಹೇಗೋ ಸಿಗುತ್ತಾರೆ, ಪುಸ್ತಕ ತೆರೆದು ‘ಇಗೋ ಈ ಪುಟ’ ಎಂದು ತೋರಿಸುವವರೇ ಕಡಿಮೆ. ಒಂದು ಲೇಖನದಲ್ಲಿ ಒಂದೇ ವಾಕ್ಯ ಆರಿಸಿಕೊಳ್ಳಿ, ಇಸವಿಯೋ ಅಂಕಿಯೋ ಇರುವ ವಾಕ್ಯವಾದರೆ ಒಳ್ಳೆಯದು. ಜಿಲ್ಲಾ ಗ್ಯಾಸೆಟಿಯರ್‌ನಲ್ಲೋ ತಾಲ್ಲೂಕು ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲೋ ಅದನ್ನು ಹುಡುಕಿ. ಸಿಕ್ಕ ಸಾಲನ್ನಷ್ಟೇ ಓದಿ ಬಿಡಬೇಡಿ, ಹಿಂದಿನ ಮುಂದಿನ ಪ್ಯಾರಾಗಳನ್ನೂ ಓದಿ. ‘ಎಂಬ ಪ್ರತೀತಿ ಇದೆ’ ಎಂದು ಪುಸ್ತಕದಲ್ಲಿದ್ದದ್ದು ವಿಕಿಗೆ ಬರುವಾಗ ‘ಇದೆ’ ಎಂದಾಗಿರುವುದು ಬಹಳ. ವಾಕ್ಯವೂ ಪುಸ್ತಕವೂ ತಾಳೆಯಾದರೆ ಲೇಖಕರು, ಕೃತಿ, ಪ್ರಕಾಶಕರು, ಊರು, ಮುದ್ರಣದ ಇಸವಿ, ಪುಟಸಂಖ್ಯೆ ಸೇರಿಸಿ. ಪುಟಸಂಖ್ಯೆಯನ್ನು ಮಾತ್ರ ಬಿಡಲೇಬೇಡಿ. ನಾನೂರು ಪುಟದ ಪುಸ್ತಕದ ಹೆಸರನ್ನಷ್ಟೇ ಕೊಟ್ಟರೆ ಮುಂದಿನವರು ಅದನ್ನು ಪರೀಕ್ಷಿಸಲಾರರು.

ಪುಸ್ತಕ ಬೇರೆಯೇ ಹೇಳುತ್ತಿದ್ದರೆ ವಾಕ್ಯವನ್ನು ಅಳಿಸಲು ಹೋಗಬೇಡಿ. ಆ ಲೇಖನದ ‘ಚರ್ಚೆ’ ಪುಟದಲ್ಲಿ ಪುಸ್ತಕದ ವಿವರದೊಂದಿಗೆ ಬರೆದಿಡಿ.

ಇದಕ್ಕೆಂದೇ ಒಂದು ಅಭಿಯಾನವಿದೆ, ಹೆಸರು ‘ಒನ್ ಲಿಬ್ ಒನ್ ರೆಫ್’. ಒಬ್ಬ ಗ್ರಂಥಪಾಲಕರಿಂದ ಒಂದು ಉಲ್ಲೇಖ ಎಂಬುದು ಅದರ ಲೆಕ್ಕ. ವಿಕಿಪೀಡಿಯಕ್ಕೆ 15 ತುಂಬಿದಾಗ, 2016ರ ಜನವರಿಯಲ್ಲಿ ಶುರುವಾಯಿತು.

ಪ್ರಶ್ನೆ: ಆಧಾರ ಕೊಟ್ಟಿರುವ ಕಡೆಯೂ ತಪ್ಪು ಕಾಣುತ್ತದೆ. ಯಾವುದನ್ನು ಮೊದಲು ನೋಡಬೇಕು? (ಕಾಲೇಜು ಗ್ರಂಥಪಾಲಕರು, ಧಾರವಾಡ)

ಉತ್ತರ: ಮೊದಲು ಇಸವಿ. ಮರುಮುದ್ರಣದ ಇಸವಿಯನ್ನೇ ಕೃತಿಯ ಇಸವಿ ಎಂದು ಹಾಕುವುದು ತೀರಾ ಸಾಮಾನ್ಯ. ಶೀರ್ಷಿಕೆ ಪುಟದ ಹಿಂಬದಿ ತಿರುಗಿಸಿದರೆ ‘ಮೊದಲ ಮುದ್ರಣ’, ‘ಎರಡನೆಯ ಮುದ್ರಣ’ ಎಂದು ಸಾಲಾಗಿ ಇರುತ್ತದೆ. ಕೈಯಲ್ಲಿರುವುದು ಯಾವ ಮುದ್ರಣವೋ ಅದರ ಇಸವಿಯನ್ನೇ ಪುಟಸಂಖ್ಯೆಯ ಜೊತೆ ಕೊಡಬೇಕು, ಏಕೆಂದರೆ ಅಕ್ಷರ ಜೋಡಣೆ ಬದಲಾದರೆ ಪುಟವೂ ಬದಲಾಗುತ್ತದೆ. ಮೊದಲ ಮುದ್ರಣದ ಇಸವಿಯನ್ನು ಬೇರೆಯಾಗಿ ಸೇರಿಸಿ.

ಜಾಲದ ಉಚಿತ ಭಂಡಾರವಾದ ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನುಗಳಲ್ಲಿ ಇನ್ನಷ್ಟು ಜೋಕೆ ಬೇಕು. ಅವುಗಳ ಜಾಲವಿಳಾಸದ ಗುರುತಿನಲ್ಲಿ (in.ernet.dli.2015 ಎಂಬಂತೆ) ಬರುವ 2015 ಪುಸ್ತಕದ ಇಸವಿಯಲ್ಲ. ರೋಮನ್ ಲಿಪಿಗೆ ಇಳಿಸಿದ ಹೆಸರುಗಳಂತೂ ಎಷ್ಟೋ ಕಡೆ ಗುರುತು ಸಿಗದಷ್ಟು ಕೆಟ್ಟಿವೆ. ಸ್ಕ್ಯಾನಿನ ಒಳಗಿನ ಶೀರ್ಷಿಕೆ ಪುಟವನ್ನೇ ನಂಬಿ.

ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತುಸಂಖ್ಯೆ) ಟೈಪಿಸುವಾಗ ಒಂದಂಕಿ ತಪ್ಪುವುದುಂಟು. 13 ಅಂಕಿಗಳನ್ನು ಎಡದಿಂದ 1, 3, 1, 3 ಎಂದು ಗುಣಿಸುತ್ತ ಕೂಡಿ. ಮೊತ್ತ 10ರಿಂದ ಶೇಷವಿಲ್ಲದೆ ಭಾಗವಾಗದಿದ್ದರೆ ಸಂಖ್ಯೆ ತಪ್ಪು. ಹಳೆಯ ಕನ್ನಡ ಪುಸ್ತಕಗಳಿಗೆ ಈ ಸಂಖ್ಯೆಯೇ ಇಲ್ಲ, ಅಲ್ಲಿ ಪ್ರಕಾಶಕರು, ಊರು, ಇಸವಿಯೇ ಗತಿ.

ಎಲ್ಲಕ್ಕಿಂತ ಕಷ್ಟದ್ದು ಸುತ್ತುಬಳಸಿನ ಆಧಾರ. ಯಾರೋ ವಿಕಿಯಲ್ಲಿ ಆಧಾರವಿಲ್ಲದೆ ಬರೆಯುತ್ತಾರೆ, ಪತ್ರಿಕೆಯೊಂದು ಅದನ್ನು ಎತ್ತಿಕೊಳ್ಳುತ್ತದೆ, ಆಮೇಲೆ ಆ ಪತ್ರಿಕೆಯೇ ವಿಕಿಗೆ ಆಧಾರವಾಗುತ್ತದೆ. ಲೇಖನದ ‘ಇತಿಹಾಸ’ ತೆರೆದು ಆ ವಾಕ್ಯ ಯಾವ ದಿನ ಸೇರಿತೆಂದು ನೋಡಿ. ಪತ್ರಿಕೆಯ ವರದಿ ಅದಕ್ಕಿಂತ ಈಚಿನದಾಗಿದ್ದರೆ ಸಂಶಯಪಡಿ, ವಿಕಿ ಹುಟ್ಟುವ ಮುಂಚಿನ ಮುದ್ರಿತ ಪುಸ್ತಕಕ್ಕೆ ಹೋಗಿ. ಅಂಥ ಪುಸ್ತಕಗಳು ಕಪಾಟಿನಲ್ಲಿರುವುದು ನಿಮ್ಮಂಥವರ ಬಳಿಯೇ.

ಪ್ರಶ್ನೆ: ಕನ್ನಡದ ಮೊದಲ ಶಾಸನ ಹಲ್ಮಿಡಿಯದು ಎಂದು ಒಂದು ಪುಸ್ತಕ, ತಾಳಗುಂದದ್ದು ಎಂದು ಈಚಿನ ವರದಿ. ವಿಕಿಯಲ್ಲಿ ಯಾವುದನ್ನು ಉಳಿಸಬೇಕು? (ಹಾಸನ)

ಉತ್ತರ: ಎರಡನ್ನೂ ಉಳಿಸಿ, ಯಾರು ಹೇಳಿದ್ದು ಎಂಬುದನ್ನು ಸೇರಿಸಿ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಪುರಾತತ್ತ್ವಜ್ಞ ಎಂ.ಎಚ್. ಕೃಷ್ಣ. ಅದರ ಕಾಲ ಸುಮಾರು ಕ್ರಿ.ಶ. 450 ಎಂಬುದು ರೂಢಿಯ ಮಾತು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸಿಂಹಕಟಾಂಜನ ಶಾಸನ ಪುರಾತತ್ತ್ವ ಸರ್ವೇಕ್ಷಣದ ಉತ್ಖನನದಲ್ಲಿ ಸಿಕ್ಕಿತು, ಅದನ್ನು ಕ್ರಿ.ಶ. 370ರದ್ದೆಂದು ಹೇಳಲಾಗಿದೆ. ಹಾಗಾಗಿ 1990ರ ಪುಸ್ತಕವೊಂದು ‘ಹಲ್ಮಿಡಿಯೇ ಮೊದಲು’ ಎಂದರೆ ಆ ಪುಸ್ತಕ ಸುಳ್ಳಲ್ಲ, ಅಂದಿಗೆ ತಿಳಿದಿದ್ದದ್ದು ಅಷ್ಟು. ‘ಹಲ್ಮಿಡಿ ಶಾಸನವನ್ನು ಬಹುಕಾಲ ಕನ್ನಡದ ಅತಿ ಹಳೆಯ ಶಾಸನವೆಂದು ಪರಿಗಣಿಸಲಾಗಿತ್ತು’ ಎಂದು ಬರೆದು ಹಳೆಯ ಪುಸ್ತಕದ ಪುಟ ಕೊಡಿ. ಮುಂದಿನ ವಾಕ್ಯದಲ್ಲಿ ತಾಳಗುಂದ, ಅದಕ್ಕೆ ಅದರದೇ ಆಧಾರ. ಎರಡು ಮಾತನ್ನು ಒಂದೇ ಉಲ್ಲೇಖಕ್ಕೆ ಕಟ್ಟಬೇಡಿ.

ಶಾಸನಗಳ ಮಾತು ಬಂದಾಗ ಇನ್ನೊಂದು: ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಶಾಸನ ಸಂಪುಟಮಾಲೆಯಲ್ಲಿ ಅದನ್ನು ಶುರುಮಾಡಿದ ಬಿ.ಎಲ್. ರೈಸರ ಕಾಲದ ಸಂಪುಟಗಳೂ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳೂ ಇವೆ, ಶಾಸನದ ಕ್ರಮಸಂಖ್ಯೆ ಎರಡರಲ್ಲೂ ಒಂದೇ ಇರುವುದಿಲ್ಲ. ‘ಎ.ಕ.’ ಎಂದು ಬರೆದು ಸಂಖ್ಯೆ ಹಾಕಿದರೆ ಸಾಲದು, ಯಾವ ಆವೃತ್ತಿ ಎಂದೂ ಬರೆಯಿರಿ.

ಪ್ರಶ್ನೆ: ಗ್ರಂಥಾಲಯದಲ್ಲಿ 20 ವಿದ್ಯಾರ್ಥಿಗಳನ್ನು ಕೂಡಿಸಿ ಉಲ್ಲೇಖ ಸೇರಿಸುವ ಶಿಬಿರ ಮಾಡಬೇಕೆಂದಿದ್ದೇವೆ. ಏನು ಎಚ್ಚರ ಬೇಕು? (ತುಮಕೂರು)

ಉತ್ತರ: ಒಂದೇ ಇಂಟರ್ನೆಟ್ ಸಂಪರ್ಕದಿಂದ ದಿನಕ್ಕೆ 6 ಹೊಸ ಖಾತೆ ಮಾತ್ರ ತೆರೆಯಬಹುದು. ಏಳನೆಯ ಹುಡುಗನಿಗೆ ಅಡ್ಡಿಯಾಗಿ ಶಿಬಿರವೇ ನಿಲ್ಲುತ್ತದೆ. ಎಲ್ಲರೂ ಹಿಂದಿನ ದಿನವೇ ಮನೆಯಲ್ಲಿ ತಮ್ಮ ಮೊಬೈಲಿನಿಂದ ಖಾತೆ ತೆರೆದು ಬರಲಿ. ಗ್ರಂಥಾಲಯದ ಹೆಸರಿನಲ್ಲಿ ಒಂದೇ ಖಾತೆ ಮಾಡಿ ಹಂಚಿಕೊಳ್ಳುವುದು ನಿಯಮಕ್ಕೆ ವಿರುದ್ಧ. ನಿಮ್ಮ ಗ್ರಂಥಾಲಯದ ಜಾಲತಾಣದ ಕೊಂಡಿಯನ್ನು ಹತ್ತಾರು ಲೇಖನಗಳಿಗೆ ಅಂಟಿಸಿದರೂ ಜಾಹೀರಾತೆಂದು ತೆಗೆದುಹಾಕುತ್ತಾರೆ.

ಪುಸ್ತಕಗಳನ್ನು ಮೊದಲೇ ಆರಿಸಿ ಮೇಜಿನ ಮೇಲಿಡಿ, ಇಬ್ಬರಿಗೆ ಒಂದು. ಒಬ್ಬರು ಪುಟ ಓದಲಿ, ಇನ್ನೊಬ್ಬರು ಸೇರಿಸಲಿ. ಪುಸ್ತಕದ ವಾಕ್ಯಗಳನ್ನೇ ನಕಲು ಮಾಡಲು ಬಿಡಬೇಡಿ, ಅದು ಕೃತಿಸ್ವಾಮ್ಯದ ಉಲ್ಲಂಘನೆ.

ಪ್ರಶ್ನೆ: ನಮ್ಮಲ್ಲಿರುವ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ವಿಕಿಪೀಡಿಯದ ಸೋದರ ತಾಣವಾದ ಪುಸ್ತಕ ಭಂಡಾರ ವಿಕಿಸೋರ್ಸ್‌ಗೆ ಹಾಕಬಹುದೇ? (ಉಡುಪಿ)

ಉತ್ತರ: ಲೇಖಕರು ತೀರಿಕೊಂಡ ಮರುವರ್ಷದ ಜನವರಿ 1ರಿಂದ ಎಣಿಸಿ 60 ವರ್ಷ ಕಳೆದಿದ್ದರೆ ಭಾರತದ ಕಾನೂನಿನಲ್ಲಿ ಕೃತಿಸ್ವಾಮ್ಯ ಸಾಮಾನ್ಯವಾಗಿ ಮುಗಿದಿರುತ್ತದೆ, ತಾಣದ ನಿಯಮವನ್ನೂ ನೋಡಿಕೊಂಡು ಹಾಕಿ. ಹೊಸ ಆವೃತ್ತಿಗೆ ಈಚೆಗೆ ಬೇರೆಯವರು ಬರೆದ ಮುನ್ನುಡಿ ಇದ್ದರೆ ಆ ಪುಟಗಳನ್ನು ಬಿಟ್ಟು ಸ್ಕ್ಯಾನ್ ಮಾಡಿ.