"ಸ್ಕೋರ್ ಬರೆಯೋಕೆ ಇಷ್ಟು ಸಾಲ ಬೇಕಿತ್ತಾ?"

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಸಲಹೆ ಕೇಳಿದವರು ತುಮಕೂರು ಕಡೆಯ ಯುವಕ, ವಯಸ್ಸು 24. ಅಮೆರಿಕದಲ್ಲಿ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದುತ್ತಾ, ವಿಶ್ವವಿದ್ಯಾಲಯದ ಕ್ರೀಡಾ ಪ್ರಚಾರ ಕಚೇರಿಯಲ್ಲಿ ವಿದ್ಯಾರ್ಥಿ ಸಹಾಯಕನಾಗಿದ್ದಾರೆ. ನಿದ್ದೆ ಸರಿಯಾಗಿ ಬರುತ್ತಿಲ್ಲ. ಮನೆಯ ಫೋನ್ ಎಂದರೆ ಎದೆ ಹೊಡೆದುಕೊಳ್ಳುತ್ತದೆ. "ಸ್ಕೋರ್ ಬರೆಯೋಕೆ ಇಷ್ಟು ಸಾಲ ಬೇಕಿತ್ತಾ ಅಂತಾರೆ ಅಪ್ಪ. ಏನು ಹೇಳ್ಲಿ ಮೇಡಂ?"

ಪಂದ್ಯದ ದಿನ ಏನೇನು ಮಾಡ್ತೀರಿ, ಒಂದೂ ಬಿಡದೆ ಹೇಳಿ ಎಂದೆ.

ಬೆಳಿಗ್ಗೆಯೇ ಎರಡೂ ತಂಡಗಳ ಮಾಹಿತಿ ಹಾಳೆ ಸಿದ್ಧವಾಗಬೇಕು. ಆಟಗಾರ್ತಿಯರ ಹೆಸರು ಹೇಗೆ ಹೇಳಬೇಕೆಂದು ಅನೌನ್ಸರ್‌ಗೆ ಬರೆದುಕೊಡಬೇಕು. ಆಟ ನಡೆಯುವಾಗ ಅಂಕಣದಲ್ಲಿ ಆಗಿದ್ದನ್ನು ಒಬ್ಬರು ಕೂಗಿ ಹೇಳುತ್ತಾರೆ, ಇನ್ನೊಬ್ಬರು ಕಂಪ್ಯೂಟರ್‌ಗೆ ಅಂಕಿಅಂಶ ತುಂಬುತ್ತಾರೆ. ಮುಗಿದ ಕೂಡಲೇ ಕೋಚ್‌ಗೆ ಲೆಕ್ಕ, ವೆಬ್‌ಸೈಟಿಗೆ ವರದಿ, ಫೋಟೊ. ಒಮ್ಮೆ ಸೋತು ಅಳುತ್ತಿದ್ದ ಆಟಗಾರ್ತಿಯನ್ನು ಪತ್ರಕರ್ತರು ಮಾತಾಡಲು ಕೇಳಿದ್ದರಂತೆ. ಈ ಯುವಕ ಆಕೆಯನ್ನು ಪಕ್ಕಕ್ಕೆ ಕರೆದು ನೀರು ಕೊಟ್ಟು, ಏನು ಕೇಳಬಹುದು ಎಂದು ಮೊದಲೇ ತಿಳಿಸಿ, ಜೊತೆಗೆ ನಿಂತಿದ್ದರು. ಅದನ್ನು ಹೇಳುವಾಗ ಅವರ ದನಿಯೇ ಬದಲಾಯಿತು. ಈ ಕೆಲಸ ಅವರಿಗೆ ಒಗ್ಗಿದೆ ಎಂದು ನನಗೆ ಅನುಮಾನವೇ ಉಳಿಯಲಿಲ್ಲ.

ಇದು ನಿನ್ನೆ ಮೊನ್ನೆಯ ಉದ್ಯೋಗವೂ ಅಲ್ಲ. ಅಲ್ಲಿ ಈ ಕೆಲಸದವರ ಸಂಘ ಶುರುವಾಗಿದ್ದು 1957ರಲ್ಲಿ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರದಿಂದ ಹಣ ಗಳಿಸಬಹುದು. ಹಾಗಾಗಿ ಪ್ರಚಾರದ ಕೆಲಸಕ್ಕೆ ಮಹತ್ವ ಹೆಚ್ಚಿದೆ. ಆದರೆ ಸಂಬಳ ಕಡಿಮೆ, ಸಂಜೆ ಮತ್ತು ವಾರಾಂತ್ಯ ಕೆಲಸಕ್ಕೇ ಹೋಗುತ್ತವೆ. ಸಣ್ಣ ಕಾಲೇಜಿನಲ್ಲಿ ಎಲ್ಲಾ ತಂಡಗಳೂ ಒಬ್ಬರ ತಲೆಯ ಮೇಲೆ.

ನಾನು ಹೇಳಿದ್ದು ಇಷ್ಟು. ಕೆಲಸ ಇಷ್ಟವೇ ಅನ್ನುವುದು ಒಂದು ಪ್ರಶ್ನೆ, ಸಾಲ ಮತ್ತು ವೀಸಾ ಬೇರೆ ಪ್ರಶ್ನೆ. ಎರಡನ್ನೂ ಒಟ್ಟಿಗೆ ಹೊತ್ತಿದ್ದಕ್ಕೇ ನಿದ್ದೆ ಹೋಗಿದೆ. ಓದು ಮುಗಿದ ಮೇಲೆ ಸಾಮಾನ್ಯವಾಗಿ 12 ತಿಂಗಳು ಅಲ್ಲಿ ಕೆಲಸ ಮಾಡಬಹುದು. ವಿಜ್ಞಾನ, ತಂತ್ರಜ್ಞಾನದವರಿಗೆ ಸಿಗುವ ಹೆಚ್ಚಿನ 24 ತಿಂಗಳು ನಿಮ್ಮ ಕೋರ್ಸಿಗೆ ಇದೆಯೇ ಎಂದು ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಬರಹದಲ್ಲೇ ಕೇಳಿ. ಇಲ್ಲವೆಂದರೆ ಊರಿನ ದಾರಿಯನ್ನೂ ಈಗಲೇ ನೋಡಿ. ಇಲ್ಲಿನ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರೇ ಸಾಮಾನ್ಯವಾಗಿ ಪತ್ರಿಕಾ ಪ್ರಕಟಣೆಯನ್ನೂ ಬರೆಯುತ್ತಾರೆ, ಇದಕ್ಕೆಂದೇ ಹುದ್ದೆ ಅಪರೂಪ. ಆದರೆ ಪ್ರೊ ಕಬಡ್ಡಿ, ಐಎಸ್‌ಎಲ್ (ಫುಟ್‌ಬಾಲ್ ಲೀಗ್) ತಂಡಗಳಿಗೆ ಇದೇ ಕೌಶಲ ಬೇಕು. ಬರೆದ ವರದಿ, ಮಾಡಿದ ವಿಡಿಯೊ ಎಲ್ಲವನ್ನೂ ಒಂದೆಡೆ ಜೋಡಿಸಿಡಿ.

ಅಪ್ಪನ ಫೋನ್ ಬರುತ್ತಿದ್ದದ್ದು ಇಲ್ಲಿನ ಬೆಳಿಗ್ಗೆ, ಅಂದರೆ ಅಲ್ಲಿ ಪಂದ್ಯ ಮುಗಿದ ರಾತ್ರಿ. ಸುಸ್ತಾದಾಗ ಯಾರಿಗೂ ನೆಟ್ಟಗೆ ಉತ್ತರ ಬರಲ್ಲ, ಅಲ್ವಾ? ಪಂದ್ಯವಿಲ್ಲದ ದಿನ ನೀವೇ ಮೊದಲು ಫೋನ್ ಮಾಡಿ, ನನಗೆ ಹೇಳಿದ್ದನ್ನೇ ಅವರಿಗೂ ಹೇಳಿ, ಸಾಲದ ಕಂತಿನ ಲೆಕ್ಕವನ್ನು ಮುಚ್ಚಿಡದೆ ಮುಂದಿಡಿ ಎಂದೆ. ಕಚೇರಿಯ ಉತ್ತರ ಬಂದ ಮೇಲೆ ಮತ್ತೆ ಮಾತಾಡುವುದೆಂದು ನಿಗದಿಯಾಗಿದೆ.