ಐಡಿವಿ ಇಳಿಸಿದರೆ ಲಾಭವೇ?

ಪ್ರಶ್ನೆ: ಬೈಕ್ ಕೊಂಡು ಮೂರು ವರ್ಷವಾಯಿತು. ವಿಮೆ ನವೀಕರಿಸುವಾಗ ಐಡಿವಿ (ವಿಮೆಯಲ್ಲಿ ಬೈಕ್‌ಗೆ ಕಟ್ಟುವ ಬೆಲೆ) ಇಳಿಸಿ ಪ್ರೀಮಿಯಂ ಕಡಿಮೆ ಮಾಡಿಸುತ್ತೇನೆ ಎನ್ನುತ್ತಾರೆ ಬ್ರೋಕರ್. ಒಪ್ಪಲೇ?

ಉತ್ತರ: ಬೇಡ. ಬೈಕ್ ಕಳವಾದರೆ ಕೈಗೆ ಬರುವುದು ಐಡಿವಿ ಲೆಕ್ಕದ ಹಣವೇ. ಅದರಲ್ಲಿ 10,000 ಇಳಿಸಿದರೆ ಪ್ರೀಮಿಯಂನಲ್ಲಿ ಉಳಿಯುವುದು ನೂರಿನ್ನೂರು ರೂಪಾಯಿ ಅಷ್ಟೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಝೀರೋ ಡೆಪ್ (ಸವಕಳಿ ಕಳೆಯದೆ ಬಿಡಿಭಾಗದ ಬೆಲೆ ಕೊಡುವ ಹೆಚ್ಚುವರಿ ರಕ್ಷಣೆ) ಹಾಕಿಸಿ. ಅದಿಲ್ಲದಿದ್ದರೆ, ಬೈಕ್ ಜಾರಿಬಿದ್ದಾಗ ಮೊದಲು ಒಡೆಯುವ ಇಂಡಿಕೇಟರ್, ವೈಸರ್‌ನಂಥ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆ ನೀವೇ ಕೊಡಬೇಕು.

ಹೊಸ ಬೈಕ್‌ಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ (ಬೇರೆಯವರಿಗಾಗುವ ಹಾನಿಗೆ) ಮೊದಲೇ ಕಟ್ಟಿರುತ್ತೀರಿ. ಹಳೆಯ ಪಾಲಿಸಿ ತೆಗೆದು ದಿನಾಂಕ ನೋಡಿ, ಅದಕ್ಕೆ ಈಗ ಮತ್ತೆ ದುಡ್ಡು ಕಟ್ಟಬೇಡಿ. ಓನ್ ಡ್ಯಾಮೇಜ್ (ನಿಮ್ಮ ಬೈಕ್‌ನ ಹಾನಿ, ಕಳವಿನ ವಿಮೆ) ಮಾತ್ರ ಸಾಕು. ಮೂರೂ ವರ್ಷ ಕ್ಲೇಮ್ ಮಾಡಿರದಿದ್ದರೆ ಅದರ ಪ್ರೀಮಿಯಂನಲ್ಲಿ 35% ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್ ಕೇಳಿ ಪಡೆಯಿರಿ. ನವೀಕರಿಸದೆ ಓನ್ ಡ್ಯಾಮೇಜ್ ಅವಧಿ ಮುಗಿದು 90 ದಿನ ದಾಟಿದರೆ ಆ ಬೋನಸ್ ಹೋಯಿತೆಂದೇ ಲೆಕ್ಕ.