ವಿಂಡೋಸ್ 7 ಇರುವ ಹಳೇ ಡೆಸ್ಕ್‌ಟಾಪ್ ತೀರಾ ನಿಧಾನ. ಹೊಸದು ತಗೊಳ್ಳದೆ ಚುರುಕು ಮಾಡಬಹುದಾ?

ಕಾರವಾರದಿಂದ ನೀವು ಬರೆದಿದ್ದು ಇಷ್ಟು: 2011ರ ಡೆಸ್ಕ್‌ಟಾಪ್, 2 ಜಿಬಿ ರ‍್ಯಾಮ್, ವಿಂಡೋಸ್ 7. ಆನ್ ಮಾಡಿದ ಮೇಲೆ ಕೈಗೆ ಸಿಗಲು 10 ನಿಮಿಷ. ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಅಪ್ಪನ ಹಳೇ ಫೈಲುಗಳು, ಹಳೇ ಪ್ರಿಂಟರ್ ಎಲ್ಲ ಅದರಲ್ಲೇ ಇರುವುದರಿಂದ ಬದಲಿಸಲು ಮನಸ್ಸಿಲ್ಲ. ಯಾವ ಕ್ಲೀನರ್ ಸಾಫ್ಟ್‌ವೇರ್ ಹಾಕಲಿ ಅಂತ ಕೇಳಿದ್ದೀರಿ.

ಯಾವುದೂ ಬೇಡ. ಮೊದಲು ಒಂದು ಸ್ಕ್ರೂಡ್ರೈವರ್ ಹುಡುಕಿಟ್ಟುಕೊಳ್ಳಿ.

ನಾನು ಶಿರಸಿಯವನು. ಮನೆ ಜಗುಲಿಯ ಪಕ್ಕದ ಕೋಣೆಯಲ್ಲಿ ಡಿಟಿಪಿ ಮಾಡುತ್ತೇನೆ. ಮದುವೆ, ಉಪನಯನದ ಕಾಗದ, ಸಂಘದ ವಾರ್ಷಿಕ ವರದಿ, ಯಕ್ಷಗಾನದ ಕರಪತ್ರ, ಇಂಥವು. ನನ್ನದೂ ನಿಮ್ಮದರ ಓರಗೆಯ ಯಂತ್ರವೇ. ಪುಟ ಜೋಡಿಸುವ ಪೇಜ್‌ಮೇಕರ್, ನುಡಿಯ ಹಳೇ ಫಾಂಟು ಎರಡೂ ಅದರಲ್ಲಿ ಸರಿಯಾಗಿ ಕೂತಿವೆ. ಆ ಹಳೇ ಫೈಲನ್ನು ಬೇರೆ ಕಡೆ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದಲ್ಲ, ಆ ತಾಪತ್ರಯ ಬೇಡ ಅಂತ ನಾನೂ ವಿಂಡೋಸ್ 7 ಬಿಟ್ಟಿಲ್ಲ.

ಕ್ಲೀನರ್ ಪಾಠ ನನಗೆ ಆಗಿಹೋಗಿದೆ. ಒಂದು ಮದುವೆ ಸೀಸನ್ನಿನಲ್ಲಿ ಯಾವುದೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿದೆ. ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗದಲ್ಲಿ, ಸಾವಿರಕ್ಕೂ ಜಾಸ್ತಿ ತಪ್ಪುಗಳಿವೆ ಅಂತ ಕೆಂಪು ಅಕ್ಷರದಲ್ಲಿ ಹೆದರಿಸಿತು. ಎಲ್ಲ ಸರಿ ಮಾಡು ಅಂತ ಒತ್ತಿದೆ. ಮರುದಿನ ಬೆಳಿಗ್ಗೆ ಪೇಜ್‌ಮೇಕರ್ ತೆರೆಯಲೇ ಇಲ್ಲ. ನಾಲ್ಕು ಆಮಂತ್ರಣ ಬಾಕಿ, ಬಾಗಿಲಲ್ಲಿ ಮದುವೆ ಮನೆಯವರು. ಎಲ್ಲ ಮತ್ತೆ ಇನ್‌ಸ್ಟಾಲ್ ಮಾಡಿ ಮುಗಿಸುವಾಗ ರಾತ್ರಿ ಹನ್ನೊಂದು. ಅಷ್ಟೆಲ್ಲ ಆದಮೇಲೂ ಯಂತ್ರ ಏಳುವ ಸಮಯ ಒಂದು ಸೆಕೆಂಡೂ ಕಡಿಮೆಯಾಗಿರಲಿಲ್ಲ. ರಿಜಿಸ್ಟ್ರಿಯಲ್ಲಿ ನಾಲ್ಕು ಹಳೇ ಸಾಲು ಬಿದ್ದಿದ್ದರೆ ಅದರಿಂದ ವೇಗಕ್ಕೆ ಏನೂ ಆಗುವುದಿಲ್ಲ.

ಎಲ್ಲಿ ತಡೆಯುತ್ತಿದೆ ಅಂತ ಮೊದಲು ನೋಡಿ. ಆನ್ ಮಾಡಿದ ಮೇಲೆ ಡಬ್ಬದ ಮುಂದಿರುವ ಹಾರ್ಡ್‌ಡಿಸ್ಕಿನ ಪುಟ್ಟ ಲೈಟನ್ನೇ ಗಮನಿಸಿ. ಅದು ಮಿಣುಕುವುದು ಬಿಟ್ಟು ಒಂದೇ ಸಮ ಉರಿಯುತ್ತಾ ಕೂತರೆ ಅರ್ಧ ಉತ್ತರ ಸಿಕ್ಕ ಹಾಗೆ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಕೆಳಗೆ ರಿಸೋರ್ಸ್ ಮಾನಿಟರ್ ಅನ್ನುವ ಬಟನ್ ಇದೆ. ಅದರ ಮೆಮೊರಿ ಪುಟದಲ್ಲಿ ‘ಹಾರ್ಡ್ ಫಾಲ್ಟ್ಸ್’ ಅನ್ನುವ ಗ್ರಾಫ್ ಸದಾ ಎದ್ದು ಕುಣಿಯುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಅದು ಸುಮ್ಮನಿದ್ದೂ ಡಿಸ್ಕಿನ ಗ್ರಾಫ್ ತುಂಬಿಕೊಂಡಿದ್ದರೆ ಡಿಸ್ಕೇ ಸೋತಿದೆ. ಎರಡೂ ಅಲ್ಲದೆ ಪ್ರೊಸೆಸರ್ ನೂರಕ್ಕೆ ನೂರು ತೋರಿಸುತ್ತಿದ್ದರೆ ಯಾವುದೋ ಒಂದು ಪ್ರೋಗ್ರಾಂ ಅದನ್ನು ಹಿಡಿದುಕೊಂಡಿದೆ. ಹೆಚ್ಚಾಗಿ ಆಂಟಿವೈರಸ್, ಇಲ್ಲಾ ಅಪ್‌ಡೇಟ್ ಹುಡುಕುವ ಸೇವೆ. ವಿಂಡೋಸ್ 7ರಲ್ಲಿ ಆ ಹುಡುಕಾಟ ಗಂಟೆಗಟ್ಟಲೆ ನಡೆಯುವುದು ಹಳೇ ರೋಗ.

ರ‍್ಯಾಮ್ ಅಂದರೆ ಏನು ಅಂತ ನನ್ನ ಚಿಕ್ಕಪ್ಪನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಅಡಿಕೆ ಸುಲಿಯಲು ಮೆಟ್ಟುಗತ್ತಿ ಹಾಕಿಕೊಂಡು ಕೂತಿದ್ದೀರಿ. ಎದುರಿಗೆ ನಾಲ್ಕು ಬುಟ್ಟಿಗೆ ಜಾಗ ಇದ್ದರೆ ಕೈ ನಿಲ್ಲುವುದಿಲ್ಲ. ಒಂದೇ ಬುಟ್ಟಿಗೆ ಜಾಗ ಅಂದರೆ ಪ್ರತಿ ಸಲ ಎದ್ದು ಅಟ್ಟ ಹತ್ತಬೇಕು. ಎದುರಿನ ಜಾಗ ರ‍್ಯಾಮ್, ಅಟ್ಟ ಹಾರ್ಡ್‌ಡಿಸ್ಕ್. ನಿಮ್ಮ 2 ಜಿಬಿಯಲ್ಲಿ ವಿಂಡೋಸ್ 7 ಏಳುತ್ತದೆ ನಿಜ. ಮೈಕ್ರೋಸಾಫ್ಟ್ ಹೇಳಿದ ಕನಿಷ್ಠ ಮಿತಿಯೇ 32 ಬಿಟ್‌ಗೆ 1 ಜಿಬಿ, 64 ಬಿಟ್‌ಗೆ 2 ಜಿಬಿ. ಆದರೆ ಅದು ಬರೀ ಏಳುವುದಕ್ಕೆ. ಮೇಲೊಂದು ಬ್ರೌಸರ್ ತೆರೆದರೆ ಅಟ್ಟ ಹತ್ತುವ ಕೆಲಸ ಶುರು. 4 ಜಿಬಿ ಮಾಡಿಸಿ. 32 ಬಿಟ್ ವಿಂಡೋಸ್ ಆದರೆ ಅದಕ್ಕಿಂತ ಮೇಲೆ ಹಾಕಿ ಪ್ರಯೋಜನ ಇಲ್ಲ, 4 ಹಾಕಿದರೂ 3 ಚಿಲ್ಲರೆ ಮಾತ್ರ ಬಳಸುತ್ತದೆ. ತರುವ ಮುಂಚೆ ಡಿಡಿಆರ್2 ಬೇಕಾ ಡಿಡಿಆರ್3 ಬೇಕಾ ನೋಡಿಕೊಳ್ಳಿ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಆದರೆ ನನ್ನ ಅನುಭವದಲ್ಲಿ ದೊಡ್ಡ ಕಳ್ಳ ಹಾರ್ಡ್‌ಡಿಸ್ಕೇ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳಾ ಅನ್ನುತ್ತಾರಲ್ಲ, ಯಾವ ಪ್ರೋಗ್ರಾಂ ಆದರೂ ಡಿಸ್ಕಿನ ಹತ್ತಿರ ಬರಲೇಬೇಕು. ಅದರೊಳಗಿನ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಜೋರು ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿದರೆ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ಜಾಸ್ತಿ ಬೇಕು. ಓದುವ ಸೂಜಿ ಜಾಗ ಹುಡುಕಿ ಸರಿಯುವ ಹೊತ್ತು ಬೇರೆ. ವಿಂಡೋಸ್ ಏಳುವಾಗ ಸಾವಿರಾರು ಸಣ್ಣ ಫೈಲು ಓದಬೇಕು, ಪ್ರತಿಯೊಂದಕ್ಕೂ ಈ ಕಾಯುವಿಕೆ. ತಟ್ಟೆಯ ಬದಲು ಚಿಪ್‌ನಲ್ಲಿ ಫೈಲು ಇಡುವ ಡಿಸ್ಕಿಗೆ ಎಸ್‌ಎಸ್‌ಡಿ ಅನ್ನುತ್ತಾರೆ. ಅದರಲ್ಲಿ ತಿರುಗುವುದೇ ಇಲ್ಲ. ಅಲ್ಲಿ ಕಾಯುವುದು ಸುಮಾರು 0.1 ಮಿಲಿಸೆಕೆಂಡ್.

ಹಾರ್ಡ್‌ಡಿಸ್ಕಿನ ಜಾಗಕ್ಕೆ ಅದನ್ನೇ ಹಾಕಿಸಿ. ನಾನು 240 ಜಿಬಿಯದ್ದು ಹಾಕಿಸಿದಾಗ ₹2,000 ಒಳಗೆ ಮುಗಿದಿತ್ತು. ಈಗಿನ ರೇಟು ನಿಮ್ಮ ಪೇಟೆಯಲ್ಲಿ ಕೇಳಿಕೊಳ್ಳಿ. ಹಳೇ ಡಿಸ್ಕನ್ನು ಹಾಗೇ ಕ್ಲೋನ್ ಮಾಡಿ, ಅಂದರೆ ಇದ್ದದ್ದೆಲ್ಲ ಇದ್ದ ಹಾಗೇ ಹೊಸದಕ್ಕೆ ನಕಲು ಮಾಡಿ ಅಂತಲೇ ಹೇಳಿ. ಕೆಲವರು ಕೇಳದೇ ‘ಫಾರ್ಮ್ಯಾಟ್ ಹೊಡೆದು’ ಬಿಡುತ್ತಾರೆ, ಅಪ್ಪನ ಫೈಲು ಹೋದರೆ ಮತ್ತೆ ಬರುವುದಿಲ್ಲ. ಕ್ಲೋನ್‌ಗೂ ಮುಂಚೆ ಅವನ್ನೊಂದು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಡಿಸ್ಕಿನಿಂದ ಕಟ್ ಕಟ್ ಸದ್ದು ಬರುತ್ತಿದ್ದರಂತೂ ಬೇರೆಲ್ಲ ಬಿಟ್ಟು ಇವತ್ತೇ ಆ ಕೆಲಸ ಮಾಡಿ. ನಿಮ್ಮ ಮದರ್‌ಬೋರ್ಡ್ ಹಳೇದಾದ್ದರಿಂದ ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗಲಿಕ್ಕಿಲ್ಲ. ಚಿಂತೆ ಬೇಡ. ನಮಗೆ ಬೇಕಾಗಿದ್ದು ಕಾಯುವುದು ತಪ್ಪುವುದು, ಅದು ತಪ್ಪುತ್ತದೆ. ನನ್ನದು ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿತ್ತು. ಈಗ ಚಾ ಲೋಟ ಕೆಳಗಿಡುವುದರೊಳಗೆ ರೆಡಿ.

ಇನ್ನು ಸ್ಕ್ರೂಡ್ರೈವರ್. ನಿಮ್ಮದು ಕಡಲ ಬದಿ, ಹಾಗಾಗಿ ಇದು ನಮಗಿಂತ ನಿಮಗೇ ಜಾಸ್ತಿ ಬೇಕು. ಅಂಕೋಲೆಯಲ್ಲಿ ನನ್ನ ಭಾವನ ಮನೆ ಇದೆ. ಅವನ ಡೆಸ್ಕ್‌ಟಾಪ್ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಎಮ್ಮೆ ಆಗುತ್ತಿತ್ತು. ಪಕ್ಕದ ತಗಡು ತೆಗೆಯಲು ಹೋದರೆ ಸ್ಕ್ರೂ ತುಕ್ಕು ಹಿಡಿದು ತಿರುಗಲೇ ಇಲ್ಲ. ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಕಾಯಬೇಕಾಯಿತು. ಒಳಗೆ ಪ್ರೊಸೆಸರ್ ಫ್ಯಾನಿನ ಅಡಿಯಲ್ಲಿ ಧೂಳು ಕಂಬಳಿಯ ತುಂಡಿನ ಹಾಗೆ ದಪ್ಪಗೆ ಕೂತಿತ್ತು, ಚಿಮಟದಲ್ಲಿ ಎಳೆದರೆ ಇಡೀ ಚೌಕವಾಗಿಯೇ ಎದ್ದು ಬಂತು. ಮೂಲೆಯಲ್ಲಿ ಇರುವೆ ಗೂಡು, ಮೊಟ್ಟೆ ಸಮೇತ. “ಎಂತ ಭಾವ, ಇದರೊಳಗೆ ಇರುವೆ ಸಾಕಿದ್ಯಾ?” ಅಂದೆ. ಅವನು, “ಬಾಡಿಗೆ ಕೊಡ್ತಾ ಇಲ್ಲ ಮಾರಾಯ” ಅಂದ.

ಪ್ರೊಸೆಸರ್ ಬಿಸಿ ತಾಳಲಾರದೆ ಹೋದಾಗ ತಾನೇ ವೇಗ ಇಳಿಸಿಕೊಳ್ಳುತ್ತದೆ. ನಮಗೆ ಅದು ವಿಂಡೋಸಿನ ತಪ್ಪಿನ ಹಾಗೆ ಕಾಣುತ್ತದೆ. ಪ್ಲಗ್ ಕಿತ್ತು, ಬ್ಲೋವರ್ ಹಿಡಿದು ಧೂಳು ಹಾರಿಸಿ. ಹಾರಿಸುವಾಗ ಫ್ಯಾನ್ ಗಿರಗಿರ ತಿರುಗದ ಹಾಗೆ ಬೆರಳಲ್ಲಿ ಹಿಡಿದುಕೊಳ್ಳಿ. ಪ್ರೊಸೆಸರ್ ಮೇಲಿನ, ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗಾಗಿದ್ದರೆ ಹೊಸದು ಹಾಕಿಸಿ. ರ‍್ಯಾಮ್ ಕಡ್ಡಿ ತೆಗೆದು ಅದರ ಹಿತ್ತಾಳೆ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ವಾರಕ್ಕೆರಡು ಸಲ ಒಂದು ಗಂಟೆ ಆನ್ ಮಾಡಿ ಇಡುತ್ತೇನೆ ನಾನು. ಒಳಗಿನ ಥಂಡಿ ಆರುತ್ತದೆ.

ಸೆಟ್ಟಿಂಗ್‌ನಲ್ಲಿ ಮಾಡುವುದು ಬಹಳ ಇಲ್ಲ. ವಿಂಡೋಸ್ ಕೀ ಜೊತೆ R ಒತ್ತಿದರೆ ಬರುವ ರನ್‌ನಲ್ಲಿ ಎಂಎಸ್ ಕಾನ್ಫಿಗ್ (msconfig) ತೆರೆದು ಸ್ಟಾರ್ಟಪ್ ಪುಟದಲ್ಲಿ ಬೇಡದ್ದರ ಟಿಕ್ ತೆಗೆಯಿರಿ. ಆಂಟಿವೈರಸ್ ಎರಡು ಇದ್ದರೆ ಒಂದನ್ನು ತೆಗೆಯಿರಿ. ಆದರೆ ಅಲ್ಲೇ ಬೂಟ್ ಪುಟದ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಪ್ರೊಸೆಸರ್ ಸಂಖ್ಯೆ, ಮ್ಯಾಕ್ಸಿಮಮ್ ಮೆಮೊರಿ ಅಂತ ಇದೆ ನೋಡಿ, ಅದನ್ನು ಮುಟ್ಟಬೇಡಿ. ‘ಇದನ್ನು ಒತ್ತಿದರೆ ಡಬಲ್ ಸ್ಪೀಡ್’ ಅಂತ ವಿಡಿಯೋಗಳಲ್ಲಿ ಹೇಳುವುದು ಸುಳ್ಳು. ವಿಂಡೋಸ್ ಮೊದಲೇ ಎಲ್ಲವನ್ನೂ ಬಳಸುತ್ತಿರುತ್ತದೆ, ಅಲ್ಲಿ ಹಾಕುವ ಅಂಕಿ ಮಿತಿ ಹಾಕುತ್ತದೆ ಅಷ್ಟೇ. ನೆರಳು, ಚಲನೆಯಂಥ ಅಲಂಕಾರ, ಅಂದರೆ ವಿಷುಯಲ್ ಎಫೆಕ್ಟ್ಸ್ ಎಲ್ಲ ತೆಗೆದರೆ ಸ್ವಲ್ಪ ಹಗುರಾಗುತ್ತದೆ. ಅಕ್ಷರದ ಅಂಚು ನಯ ಮಾಡುವ ಕೊನೆಕೊನೆಯ ಟಿಕ್ ಒಂದನ್ನು ಉಳಿಸಿಕೊಳ್ಳಿ, ಇಲ್ಲದಿದ್ದರೆ ಕನ್ನಡದ ಒತ್ತಕ್ಷರ ಓದುವುದೇ ಕಷ್ಟ. ಎಸ್‌ಎಸ್‌ಡಿ ಹಾಕಿದ ಮೇಲೆ ಡಿಫ್ರಾಗ್, ಅಂದರೆ ಡಿಸ್ಕಿನಲ್ಲಿ ಚದುರಿದ ಫೈಲಿನ ತುಂಡುಗಳನ್ನು ಒಟ್ಟುಗೂಡಿಸುವ ಕೆಲಸ, ಮಾಡಬೇಡಿ.

ನೆಟ್ ವಿಷಯಕ್ಕೆ ನಾನು ಕಟ್ಟುನಿಟ್ಟು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ. ಕ್ರೋಮ್ ಅದರಲ್ಲಿ 109ನೇ ಆವೃತ್ತಿಗೇ ನಿಂತಿದೆ. ಬ್ಯಾಂಕಿನ ಕೆಲಸ ಅದರಲ್ಲಿ ಖಂಡಿತ ಬೇಡ. ನಾನು ನೆಟ್‌ನ ವೈರನ್ನೇ ಕಿತ್ತಿಟ್ಟಿದ್ದೇನೆ. ಫೈಲು ಪೆನ್‌ಡ್ರೈವ್‌ನಲ್ಲಿ ಬರುತ್ತದೆ, ಬೇರೆ ಯಂತ್ರದಲ್ಲಿ ಸ್ಕ್ಯಾನ್ ಆಗಿ. ವಿಂಡೋಸ್ 10 ಹಾಕಿ ಅಂತ ಯಾರಾದರೂ ಹೇಳಿದರೆ, ಅದರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಅನ್ನಿ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಬೇಕು, ನಿಮ್ಮ ಕಾಲದ ಬೋರ್ಡಿನಲ್ಲಿ ಅದು ಇರುವುದಿಲ್ಲ. ಅದೇ ಯಂತ್ರದಲ್ಲಿ ನೆಟ್ ಬೇಕೇ ಬೇಕು ಅಂದರೆ 4 ಜಿಬಿ ಆದಮೇಲೆ ವಿಂಡೋಸಿನ ಪಕ್ಕದಲ್ಲೇ ಲಿನಕ್ಸ್ ಮಿಂಟ್ ಅನ್ನುವ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್‌ನ ಹಗುರ ರೂಪವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಸಿಕೊಳ್ಳಿ. ಆನ್ ಮಾಡುವಾಗ ಯಾವುದು ಬೇಕು ಅಂತ ಅದೇ ಕೇಳುತ್ತದೆ.

ಈ ವಾರ ಧೂಳು ಹೊಡೆದು ನೋಡಿ. ಆಮೇಲೆ ಡಿಸ್ಕಿನ ಲೈಟು ಏನು ಮಾಡ್ತು, ಹಾರ್ಡ್ ಫಾಲ್ಟ್ಸ್ ಎಷ್ಟು ತೋರಿಸ್ತು ಅಂತ ಕೆಳಗೆ ಬರೆಯಿರಿ. ರ‍್ಯಾಮ್ ಮೇಲಿನ ಚೀಟಿಯ ಫೋಟೋ ಹಾಕಿದರೆ ಯಾವುದು ತರಬೇಕು ಅಂತ ಹೇಳುತ್ತೇನೆ.